ಕಚ್ಚಿಟ್ಟ ರೊಟ್ಟಿ

ಕುದ್ರತ್ ಮುಅಲ್ಲಿಂ ಕರಿಹಲಗೆಯ ಮೇಲೆ ಆ ಇಂಗ್ಲಿಷ್ ಪದವನ್ನು ಬರೆದು, ಸೀಮೆಸುಣ್ಣ ಮೆತ್ತಿದ ಕೈಯನ್ನು ಕೋಟಿಗೆ ಒರೆಸಿಕೊಂಡು ತರಗತಿಯ ಕಡೆ ತಿರುಗಿದರು.

"ಎಮಿಗ್ರೇಟ್. ಅಂದ್ರೆ ತಾಯ್ನಾಡು ಬಿಟ್ಟು ಹೋಗೋದು. ಎಲ್ಲಿ, ಒಬ್ಬೊಬ್ರೂ ಒಂದೊಂದು ವಾಕ್ಯ ಹೇಳಿ ನೋಡೋಣ."

ಮೇಷ್ಟರು ಹಾಗೆ ಕೇಳಬಾರದಿತ್ತು. ತಾಜಿಕಿಸ್ತಾನದ ಇಸ್ಫರಾದಂಥ ಊರಿನಲ್ಲಿ, ಅದೂ ಹೆಂಗಸರೇ ತುಂಬಿದ ತರಗತಿಯಲ್ಲಿ, ದೇಶ ಬಿಟ್ಟು ಹೋಗುವ ಮಾತೆತ್ತಿದರೆ ಸುಮ್ಮನೆ ಕೂರುವವರು ಯಾರು? ಗ್ರಂಥಾಲಯದ ಆ ಹಿಂದಿನ ಕೋಣೆಯಲ್ಲಿ ಸಂತೆಯೇ ಎದ್ದಿತು. ನನ್ನ ಗಂಡ ಎಮಿಗ್ರೇಟ್ ಆದ, ನನ್ನ ಅಣ್ಣ ಎಮಿಗ್ರೇಟ್ ಆದ, ನನ್ನ ಇಬ್ಬರು ಮೈದುನರೂ ಎಮಿಗ್ರೇಟ್ ಆದರು. ಮುಶರ್ರಫಾ ಎನ್ನುವ ಬಾಯಿಬಡಕಿ ಎದ್ದು ನಿಂತು, "ನಮ್ಮ ಬೀದಿಯ ಗಂಡಸರೆಲ್ಲ ಎಮಿಗ್ರೇಟ್ ಆದರು. ಇಮಾಮರೂ ಕಟುಕನೂ ಉಳಿದರು" ಎಂದು ಇಂಗ್ಲಿಷಿನಲ್ಲಿ ಹೇಳಿ, ಎಲ್ಲರೂ ನಗಲಿ ಎಂದು ಅದನ್ನೇ ತಾಜಿಕ್ ಭಾಷೆಯಲ್ಲೂ ಹೇಳಿ ಕೂತಳು.

"ಎಲ್ಲಾ ತಪ್ಪು," ಎಂದು ಮೇಷ್ಟರು ಮೇಜು ಕುಟ್ಟಿದರು. "ರಷ್ಯಾಕ್ಕೆ ಗಾರೆ ಕೆಲಸಕ್ಕೆ ಹೋದೋರೆಲ್ಲ ಎಮಿಗ್ರೇಟ್ ಆದ ಹಾಗಲ್ಲ. ಅವ್ರು ಹೋಗಿದಾರೆ, ಬರ್ತಾರೆ. ಇದು ಬೇರೆ. ಇಲ್ಲಿಂದ ಬೇರು ಕಿತ್ಕೊಂಡು, ಇನ್ಮೇಲೆ ಅಲ್ಲೇ ಬಾಳ್ತೀನಿ ಅಂತ ಹೋಗೋದಕ್ಕೆ ಈ ಮಾತು."

"ಅದು ಗೊತ್ತಾಗೋದು ಹೇಗೆ ಮುಅಲ್ಲಿಂ?" ಎಂದಳು ಮುಶರ್ರಫಾ. "ಹೋಗುವಾಗ ಎಲ್ಲರ ಕೈಲೂ ಅದೇ ಚೀಲ, ಎಲ್ಲರ ಬಾಯಲ್ಲೂ ಅದೇ ಮಾತು. ವಸಂತಕ್ಕೆ ಬಂದ್ಬಿಡ್ತೀನಿ, ಜಾನ್, ನನ್ನ ಪ್ರಾಣವೇ."

ಮೇಷ್ಟರು ಟೀ ಬಟ್ಟಲನ್ನು ಎತ್ತಿ ಒಂದು ಗುಟುಕು ಕುಡಿದರು. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಮನುಷ್ಯ. ಪುಸ್ತಕದಲ್ಲಿ ಉತ್ತರ ಸಿಗದಿದ್ದರೆ ಅಡುಗೆಮನೆಯಲ್ಲಿ ಹುಡುಕುವ ಅಭ್ಯಾಸ ಅವರಿಗಿತ್ತು.

"ಮನೆಗೆ ಹೋಗಿ ಗೋಡೆ ನೋಡಿ. ಅವ್ನು ಕಚ್ಚಿಟ್ಟ ರೊಟ್ಟಿ ಗೋಡೆ ಮೇಲಿದ್ರೆ, 'ಹೋದ' ಅನ್ನಿ. ರೊಟ್ಟಿ ಇಲ್ದೆ ಇದ್ರೆ 'ಎಮಿಗ್ರೇಟ್' ಅನ್ನಿ. ತಿರುಗಿ ಬರದೆ ಇರೋನು ರೊಟ್ಟಿ ಕಚ್ಚಲ್ಲ."

ಇದು ಎಲ್ಲರಿಗೂ ಒಂದೇ ಏಟಿಗೆ ಅರ್ಥವಾಯಿತು. ಆ ಊರಿನಲ್ಲಿ ದೂರ ಹೊರಟವರು ಹೊಸಿಲಲ್ಲಿ ನಿಂತು, ತಂದೂರಿನಿಂದ ಆಗತಾನೇ ತೆಗೆದ ದುಂಡು ರೊಟ್ಟಿಯ ಅಂಚನ್ನು ಒಮ್ಮೆ ಕಚ್ಚಿ ತಿನ್ನುತ್ತಾರೆ. ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಗೆ ನೇತುಹಾಕುತ್ತಾರೆ. ಕಚ್ಚಿದವನೇ ತಿರುಗಿ ಬಂದು ಅದನ್ನು ತಿಂದು ಮುಗಿಸಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಬಾಯಿಮಾತಿಗೆ ಬೇಕಾದಷ್ಟು ಸುಳ್ಳು ಹೇಳುವ ಗಂಡಸರು ಇದ್ದಾರೆ, ರೊಟ್ಟಿಯ ಮೇಲೆ ಸುಳ್ಳು ಹೇಳುವ ಗಂಡಸನ್ನು ಆ ಊರು ಕಂಡಿರಲಿಲ್ಲ.

ಸವ್ರಿನಿಸೋ ಕಿಟಕಿಯ ಪಕ್ಕ ಕೂತಿದ್ದಳು. ಅವಳು ಒಣಹಣ್ಣಿನ ಅಂಗಳದಲ್ಲಿ ಏಪ್ರಿಕಾಟ್ ಆರಿಸುವ ಕೆಲಸದವಳು. ಇಂಗ್ಲಿಷ್ ಕಲಿತವರನ್ನು ಕಚೇರಿಯಲ್ಲಿ ಕೂರಿಸಿ, ಹೊರದೇಶದ ಖರೀದಿದಾರರ ಜೊತೆ ಮಾತಾಡುವ ಕೆಲಸ ಕೊಡುತ್ತೇನೆ ಎಂದು ಅಂಗಳದ ಮಾಲೀಕ ಹೇಳಿದ್ದ. ಅದಕ್ಕೇ ಚಳಿಗಾಲವಿಡೀ ಈ ತರಗತಿಗೆ ಬಂದಿದ್ದಳು. ತನ್ನ ಸರದಿ ಬಂದಾಗ ಅವಳು ಎದ್ದು, ಒಂದೊಂದೇ ಪದವನ್ನು ಜೋಪಾನವಾಗಿ ಇಟ್ಟು ಹೇಳಿದಳು: "ನನ್ನ ಗಂಡ ಎಮಿಗ್ರೇಟ್ ಆಗಿಲ್ಲ. ಅವನ ರೊಟ್ಟಿ ಗೋಡೆಯ ಮೇಲಿದೆ."

"ಭೇಷ್!" ಎಂದರು ಮೇಷ್ಟರು.

ಆ ಭೇಷ್ ಅನ್ನು ಅವಳು ಬೀದಿಯ ತಿರುವಿನವರೆಗೂ ಮನಸ್ಸಿನಲ್ಲಿ ಮೆಲುಕು ಹಾಕುತ್ತಾ ಬಂದಳು. ಅಲ್ಲಿ, ಅವಳನ್ನು ಅಕ್ಕ ಎಂದೇ ಕರೆಯುವ ಮುಶರ್ರಫಾ ಜೊತೆಯಾದಳು.

"ಸವ್ರಿ ಅಪಾ, ಅವ್ರು ಕಚ್ಚಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ಅದೇನೇ ಹಾಗಂದ್ರೆ?"

"ಸುಮ್ನೆ ಕೇಳ್ದೆ. ನಮ್ಮೋರು ಕಚ್ಚುವಾಗ ನಾನು ಕಣ್ಣು ಮಿಟುಕಿಸದೆ ನೋಡ್ದೆ ಅಪಾ. ನುಂಗೋವರೆಗೂ ಬಿಡ್ಲಿಲ್ಲ. ಬಾಯೊಳಗೆ ಇಟ್ಕೊಂಡು, ಟ್ಯಾಕ್ಸಿ ಹತ್ತಿದ ಮೇಲೆ ಉಗುಳಿದ್ರೆ ಏನ್ಮಾಡ್ಲಿ?"

"ಥೂ, ನಿನ್ನ ನಾಲಿಗೆಗೆ ಬೆಂಕಿ ಬೀಳ," ಎಂದು ಸವ್ರಿನಿಸೋ ನಕ್ಕಳು. ಆದರೆ ಮುಶರ್ರಫಾ ತನ್ನ ಮನೆ ಕಡೆ ತಿರುಗಿ ಹೋದ ಮೇಲೆ ಆ ನಗು ಮುಖದ ಮೇಲೆ ನಿಲ್ಲಲಿಲ್ಲ. ಏಕೆಂದರೆ ಅವಳು ನೋಡಿರಲಿಲ್ಲ.

ಅವಳ ಗಂಡ ಹಮ್ರೋಕುಲ್ ಹೋದದ್ದು ಹಿಂದಿನ ಶರತ್ಕಾಲದಲ್ಲಿ. ರಷ್ಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ ವೆಲ್ಡಿಂಗ್ ಕೆಲಸ. ಮದುವೆಯಾದಾಗಿನಿಂದ ಹೋಗುತ್ತಾ ಬರುತ್ತಾ ಇದ್ದವನೇ. ಶುಕ್ರವಾರ ಹೊರಡುತ್ತೇನೆ ಎಂದಿದ್ದ. ಗುರುವಾರ ಅವಳು ಒಣಹಣ್ಣಿನ ಅಂಗಳದ ಕೆಲಸ ಮುಗಿಸಿ ಬರುವಷ್ಟರಲ್ಲಿ ಹೋಗಿಯಾಗಿತ್ತು. ಟಿಕೆಟ್ ಬದಲಾಯಿತಂತೆ. ಅವಳು ಬರುವ ಹೊತ್ತಿಗೆ ರೊಟ್ಟಿ ಬಿಳಿ ಬಟ್ಟೆಯೊಳಗೆ ಸೇರಿ, ಹಾಸಿಗೆ ಪೆಟ್ಟಿಗೆಯ ಮೇಲಿನ ಮೊಳೆಗೆ ತೂಗುತ್ತಿತ್ತು. ಅತ್ತೆ ಬೀಬಿಸೋರಾ ಕಣ್ಣು ಕೆಂಪು ಮಾಡಿಕೊಂಡು ಒಲೆಯ ಮುಂದೆ ಕೂತಿದ್ದಳು. ಕೇಳಿದರೆ, ಈರುಳ್ಳಿ ಹೆಚ್ಚುತ್ತಿದ್ದೆ ಎಂದಳು. ಆ ದಿನದ ಅಡುಗೆ ಹಾಲಿನ ಗಂಜಿ. ಹಾಲಿನ ಗಂಜಿಗೆ ಈರುಳ್ಳಿ ಹಾಕುವವರನ್ನು ಸವ್ರಿನಿಸೋ ಎಲ್ಲೂ ಕಂಡಿರಲಿಲ್ಲ. ಆದರೂ ಆಗ ಅದು ತಲೆಗೆ ಹೋಗಿರಲಿಲ್ಲ. ತಾಯಿ ಮಗನಿಗಾಗಿ ಅಳುವುದು ಯಾವ ಊರಲ್ಲಿ ಇಲ್ಲ ಎಂದುಕೊಂಡು ಸುಮ್ಮನಾಗಿದ್ದಳು.

ಅನುಮಾನ ಒಮ್ಮೆ ಒಳಗೆ ಕಾಲಿಟ್ಟಿತೆಂದರೆ ಮನೆಯ ಪಾತ್ರೆ ಪಡಗವನ್ನೆಲ್ಲ ಹೊರಗೆ ತೆಗೆದು ನೋಡುತ್ತದೆ. ಸವ್ರಿನಿಸೋಗೆ ಒಂದೊಂದೇ ನೆನಪಾಯಿತು. ಚಳಿಗೆ ಹೋಗುವವನು ಬೇಸಿಗೆಯ ಅಂಗಿಗಳನ್ನೂ ಒಯ್ದಿದ್ದ. ತೀರಿಹೋದ ತಂದೆಯ ಚಾಕುವನ್ನು, ಎಂದೂ ಮನೆಯಿಂದಾಚೆ ಹೋಗದ ಆ ಚಾಕುವನ್ನು, ಒಯ್ದಿದ್ದ. ಮೊದಲೆಲ್ಲ ಫೋನಿನಲ್ಲಿ ಮುಖ ತೋರಿಸುವಾಗ ಹಿಂದೆ ಒಂದರ ಮೇಲೊಂದು ಮಂಚ, ಒಣಹಾಕಿದ ಕಾಲುಚೀಲ, ಯಾರದೋ ಗೊರಕೆ, ಎಲ್ಲವೂ ಇರುತ್ತಿತ್ತು. ಈಗ ಬರೀ ಒಂದು ಬಿಳಿ ಗೋಡೆ. ಎಲ್ಲಕ್ಕಿಂತ ಹೆಚ್ಚಾಗಿ, ಈ ವರ್ಷ ಅವನು ಏಪ್ರಿಕಾಟ್ ಹೂವಿನ ಬಗ್ಗೆ ಕೇಳಿರಲಿಲ್ಲ. ಪ್ರತಿ ವಸಂತದಲ್ಲೂ, ಹೂ ಬಿಟ್ಟಿತಾ, ಮಂಜು ಬಿತ್ತಾ, ಎಷ್ಟು ಉದುರಿತು ಎಂದು ಪ್ರಾಣ ತಿನ್ನುತ್ತಿದ್ದವನು. ಮನೆಯಂಗಳದ ಮರ ಹೂ ಬಿಟ್ಟು, ಉದುರಿ, ಕಾಯಿ ಕಚ್ಚಿ ಆಗಿತ್ತು.

ಇತ್ತ ಬೀಬಿಸೋರಾಳಿಗೆ ಸೊಸೆಯ ಮೇಲೆ ಅವಳದೇ ಒಂದು ಅನುಮಾನ.

"ಕೆಲಿನ್," ಎಂದಳು ಒಂದು ಬೆಳಗ್ಗೆ. ಸೊಸೆಯನ್ನು ಅಲ್ಲಿ ಕರೆಯುವುದೇ ಹಾಗೆ. "ಅದೇನು ಕಸ ಗುಡಿಸುವಾಗ್ಲೂ ಮಣಮಣ ಅಂತೀಯಲ್ಲ? ಏಮಿ... ಏಮಿಗಿರಿ?"

"ಪಾಠ, ಓಯಾ." ಅತ್ತೆಯನ್ನು ಸವ್ರಿನಿಸೋ ತಾಯಿಯೆಂದೇ ಕರೆಯುತ್ತಿದ್ದಳು.

"ಪಾಠ ಅಂತ ಗೊತ್ತು. ಅರ್ಥ ಏನು?"

"ದೇಶ ಬಿಟ್ಟು ಹೋಗೋದು."

ಬೀಬಿಸೋರಾ ಕೈಯಲ್ಲಿದ್ದ ಹಿಟ್ಟಿನ ಜರಡಿಯನ್ನು ಕೆಳಗಿಟ್ಟಳು. "ಯಾರು?"

"ಯಾರಾದ್ರೂ. ಅದೊಂದು ಮಾತು ಅಷ್ಟೆ."

"ಅದೊಂದು ಮಾತು ಕಲಿಯೋಕೆ ವಾರಗಟ್ಲೆ ಬೇಕಾ? ನೀನೆಲ್ಲಿಗಾದ್ರೂ ಹೊರಟಿದ್ರೆ ಬಾಯಿಬಿಟ್ಟು ಹೇಳು. ಇಂಗ್ಲಿಷಲ್ಲಿ ಹೇಳ್ಬೇಡ."

ಅಂದಿನಿಂದ ಮುದುಕಿ ಸೊಸೆಯ ಚೀಲವನ್ನು ಮೂಸಿ ನೋಡುವುದೇನು, ಅವಳ ಚಪ್ಪಲಿ ಇದ್ದ ಜಾಗದಲ್ಲಿ ಇದೆಯೋ ಇಲ್ಲವೋ ಎಂದು ಬಾಗಿಲಿಗೆ ಬಂದು ಬಂದು ನೋಡುವುದೇನು. ಸೊಸೆ ಮುದುಕಿಯ ಕಣ್ಣನ್ನು ನೋಡುತ್ತಿದ್ದಳು, ಮುದುಕಿ ಸೊಸೆಯ ಕಾಲನ್ನು ನೋಡುತ್ತಿದ್ದಳು. ಒಂದೇ ಬಟ್ಟಲಿನಿಂದ ಸಾರು ಕುಡಿಯುತ್ತಿದ್ದ ಇಬ್ಬರೂ ಒಬ್ಬರಿಗೊಬ್ಬರು ಪತ್ತೇದಾರರಾದರು.

ಬೀಬಿಸೋರಾ ಪಕ್ಕದ ಬೀದಿಗೆ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋದ ದಿನ ಸವ್ರಿನಿಸೋ ಪೆಟ್ಟಿಗೆ ಹತ್ತಿ ನಿಂತಳು. ಅದು ತಪ್ಪೆಂದು ಗೊತ್ತಿತ್ತು. ಕಚ್ಚಿದವನು ಬರುವ ಮೊದಲು ಬಟ್ಟೆ ಬಿಚ್ಚಿದರೆ ಅವನ ದಾರಿಗೆ ಕೇಡು ಎನ್ನುತ್ತಾರೆ. ಬಿಸ್ಮಿಲ್ಲಾ ಎಂದಳು, ಕ್ಷಮಿಸು ಎಂದಳು, ಆಮೇಲೆ ಬಿಚ್ಚಿದಳು.

ರೊಟ್ಟಿ ಕಲ್ಲಾಗಿತ್ತು. ಒಂದು ಅಂಚಿನಲ್ಲಿ ಕಚ್ಚಿದ ಗುರುತು ಇದ್ದೇ ಇತ್ತು. ಅವಳ ಎದೆ ಹಗುರಾಯಿತು. ಮುಶರ್ರಫಾಳಿಗೆ ಮನಸ್ಸಿನಲ್ಲೇ ನಾಲ್ಕು ಬೈದಳು. ಮತ್ತೆ ಕಟ್ಟಬೇಕೆಂದು ಬಟ್ಟೆಯನ್ನು ಎಳೆದವಳು, ಕಿಟಕಿಯ ಬೆಳಕಿಗೆ ಇನ್ನೊಮ್ಮೆ ಹಿಡಿದು ನೋಡಿದಳು.

ಹಮ್ರೋಕುಲ್‌ನ ಮೇಲಿನ ಎರಡು ಹಲ್ಲುಗಳ ನಡುವೆ ದೊಡ್ಡ ಸಂದಿಯಿತ್ತು. ಆ ಸಂದಿಯಿಂದ ಅವನು ಸಿಳ್ಳೆ ಹೊಡೆದರೆ ಕಾಲುವೆಯ ಆಚೆಗಿನ ಕುರಿಗಳು ತಲೆ ಎತ್ತುತ್ತಿದ್ದವು. ಅವನು ಕಚ್ಚಿದ ರೊಟ್ಟಿಯಲ್ಲಿ ನಡುವೆ ಒಂದು ಸಣ್ಣ ದಿಬ್ಬ ಉಳಿಯುತ್ತಿತ್ತು. ಪ್ರತಿ ಸಲ ಅವನು ಬಂದಾಗ ಹಳೆ ರೊಟ್ಟಿಯನ್ನು ಇಳಿಸಿ, ಟೀಯಲ್ಲಿ ನೆನೆಸಿ ಕೊಡುವವಳು ಅವಳೇ. "ನೋಡಿ, ನಿಮ್ಮ ಬೆಟ್ಟ ಇಲ್ಲೇ ಇದೆ" ಎಂದು ಆ ದಿಬ್ಬವನ್ನು ತೋರಿಸಿ ಛೇಡಿಸುವವಳೂ ಅವಳೇ. ಈ ರೊಟ್ಟಿಯಲ್ಲಿ ಬೆಟ್ಟವಿರಲಿಲ್ಲ. ಕಚ್ಚಿದ ಗೆರೆ ನೆಟ್ಟಗೆ, ಚಾಕುವಿನಿಂದ ಕೊಯ್ದ ಹಾಗೆ ಇತ್ತು.

ಚಾಕುವೇ ಇರಬಹುದೇ? ಛೆ, ರೊಟ್ಟಿಗೆ ಚಾಕು ತಾಗಿಸುವವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಹಾಗಾದರೆ ಅವನು ಹೋಗುವ ಮೊದಲೇ ಹಲ್ಲು ಸರಿಮಾಡಿಸಿಕೊಂಡಿದ್ದನೇ? ಇಲ್ಲ, ಮೊನ್ನೆ ಫೋನಿನಲ್ಲಿ ಸಂದಿ ಹಾಗೇ ಇತ್ತು. ಮತ್ತೆ ಇದು ಯಾರ ಬಾಯಿ? ಅವಳ ಬುದ್ಧಿ ಎಲ್ಲೆಲ್ಲಿಗೋ ಓಡಿತು. ಯಾವಳೋ ಒಬ್ಬಳು ಈ ಮನೆಗೆ ಬಂದು, ಈ ಹೊಸಿಲಲ್ಲಿ ನಿಂತು, ತನ್ನ ಗಂಡನ ರೊಟ್ಟಿಯನ್ನು ಕಚ್ಚಿ ಹೋದಳೇ? ಬೀದಿಯ ಹೆಂಗಸರ ಹಲ್ಲುಗಳನ್ನೆಲ್ಲ ಒಬ್ಬೊಬ್ಬರದಾಗಿ ಕಣ್ಣಮುಂದೆ ತಂದುಕೊಂಡು ನೋಡಿದಳು. ಮುಶರ್ರಫಾಳನ್ನೂ ಬಿಡಲಿಲ್ಲ. ನಗುವ ಸಂಗತಿಯೇ ಸರಿ, ಆದರೆ ಅವಳು ನಗದೆ ರೊಟ್ಟಿಯನ್ನು ಮೊದಲಿನ ಹಾಗೆಯೇ ಕಟ್ಟಿ ಮೊಳೆಗೆ ತೂಗುಹಾಕಿದಳು.

ಮರುದಿನ ಮಧ್ಯಾಹ್ನ ಹಮ್ರೋಕುಲ್ ಫೋನ್ ಮಾಡಿದ. ಬಿಳಿ ಗೋಡೆ, ನಡುವೆ ಮುಖ. ಮಾಮೂಲು ಮಾತು. ಓಯಾ ಹೇಗಿದ್ದಾರೆ, ಕಾಲುನೋವು ಹೇಗಿದೆ, ಅಲ್ಲಿ ಬಿಸಿಲು ಬಂತಾ.

"ಚೆನ್ನಾಗಿದೀವಿ," ಎಂದಳು ಸವ್ರಿನಿಸೋ. ಆಮೇಲೆ, ತಮಾಷೆಯ ಹಾಗೆ, "ನಿಮ್ಮ ರೊಟ್ಟಿ ಕಾಯ್ತಾ ಇದೆ. ಬೇಗ ಬನ್ನಿ, ಇಲಿ ಬೀಳುತ್ತೆ."

"ಯಾವ ರೊಟ್ಟಿ?" ಎಂದ ಹಮ್ರೋಕುಲ್.

ಪರದೆಯ ಮೇಲೆ ಅವನ ಕಣ್ಣು ಒಮ್ಮೆ ಅತ್ತ ಹೋಗಿ ಇತ್ತ ಬಂತು.

"ಹಾಂ, ಆ ರೊಟ್ಟಿ. ಹೌದು ಹೌದು. ಇರ್ಲಿ, ಇರ್ಲಿ," ಎಂದ. ನೆಟ್‌ವರ್ಕ್ ಸರಿಯಿಲ್ಲ ಎಂದ. ಮುಖ ಹೋಯಿತು.

ಗೋಡೆಯ ಮೇಲೆ ತನ್ನದೊಂದು ರೊಟ್ಟಿ ಇದೆಯೆಂದೇ ಗೊತ್ತಿಲ್ಲದ ಗಂಡಸು! ಸವ್ರಿನಿಸೋ ಫೋನನ್ನು ತೊಡೆಯ ಮೇಲೆ ಕವುಚಿಟ್ಟುಕೊಂಡು ಕೂತಳು. ಅಳು ಬರಲಿಲ್ಲ, ಸಿಟ್ಟು ಬಂತು. ಅವನು ಕಚ್ಚಿಲ್ಲ. ಅವನು ಕಚ್ಚಿಲ್ಲವೆಂದರೆ ಬೇರೆ ಯಾರೋ ಕಚ್ಚಿದ್ದಾರೆ, ಮತ್ತು ಆ ಗುರುವಾರ ಈ ಮನೆಯಲ್ಲಿ ಇದ್ದವರು ಇಬ್ಬರೇ. ಅಷ್ಟರಲ್ಲಿ ಬಾಗಿಲಲ್ಲಿ ಬೀಬಿಸೋರಾ ಬಂದು ನಿಂತು, "ಏನಂತೆ ನನ್ನ ಮಗ?" ಎಂದು ನಕ್ಕಳು. ನಕ್ಕಾಗ ಮೇಲಿನ ಸಾಲಿನ ಚಿನ್ನದ ಹಲ್ಲುಗಳು ಮಿನುಗಿದವು. ಹರೆಯದಲ್ಲಿ ಕಟ್ಟಿಸಿಕೊಂಡವು. ಒಂದು ಹಲ್ಲೂ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮುಂದಿರಲಿಲ್ಲ.

ಆದರೂ ಖಾತ್ರಿಯಾಗದೆ ಹಿರಿಯರ ಮೇಲೆ ಆಪಾದನೆ ಹೊರಿಸುವ ಹೆಣ್ಣಲ್ಲ ಸವ್ರಿನಿಸೋ. ಖಾತ್ರಿ ಮಾಡಿಕೊಳ್ಳುವುದೂ ಸುಲಭವಿರಲಿಲ್ಲ. ಊಟಕ್ಕೆ ಕೂತಾಗ ಅವರಲ್ಲಿ ರೊಟ್ಟಿಯನ್ನು ಕೈಯಿಂದ ಮುರಿಯುತ್ತಾರೆ, ಕಚ್ಚುವುದಿಲ್ಲ. ಸೇಬನ್ನು ಹೋಳು ಮಾಡಿ ತಿನ್ನುತ್ತಾರೆ. ಹಲ್ಲಿನ ಗುರುತು ತಟ್ಟೆಯಲ್ಲಿ ಉಳಿಯುವುದೇ ಇಲ್ಲ. ಎರಡು ದಿನ ಯೋಚಿಸಿ, ಅವಳು ವಸಂತದ ಸೊಪ್ಪು ಕೊಯ್ದು ತಂದು, ಪುದೀನ ಈರುಳ್ಳಿ ಸೇರಿಸಿ, ತಂದೂರಿನಲ್ಲಿ ಸಂಬೂಸ ಸುಟ್ಟಳು. ನಮ್ಮ ಸಮೋಸದ ಆ ಸೀಮೆಯ ಅಕ್ಕ ಅದು. ಅದನ್ನು ಕಚ್ಚದೆ ತಿನ್ನಲು ಯಾರಿಗೂ ಬರುವುದಿಲ್ಲ.

"ಆಹಾ," ಎಂದು ಬೀಬಿಸೋರಾ ಮೊದಲನೆಯದಕ್ಕೇ ಹಲ್ಲು ಹಾಕಿದಳು. "ನಿನ್ನ ಕೈಗೆ ನೋವು ಬರದಿರ್ಲಿ ಕೆಲಿನ್."

"ಓಯಾ, ಗೇಟಿನ ಹತ್ರ ಯಾರೋ ಕೂಗಿದ ಹಾಗಾಯ್ತು."

"ನೀನೇ ನೋಡ್ಬಾರ್ದಾ?"

"ನನ್ನ ಕೈಯೆಲ್ಲ ಹಿಟ್ಟು."

ಮುದುಕಿ ಕಚ್ಚಿದ ಸಂಬೂಸವನ್ನು ತಟ್ಟೆಯಲ್ಲಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಹೋದಳು. ಸವ್ರಿನಿಸೋ ಪೆಟ್ಟಿಗೆ ಹತ್ತಿದಳು. ಗಂಟು ಬಿಚ್ಚಿ ರೊಟ್ಟಿಯನ್ನು ತಂದು ತಟ್ಟೆಯ ಪಕ್ಕದಲ್ಲಿಟ್ಟಳು. ಕಲ್ಲಾದ ರೊಟ್ಟಿಯ ಅಂಚು, ಬಿಸಿ ಸಂಬೂಸದ ಅಂಚು. ಅದೇ ನೆಟ್ಟನೆ ಗೆರೆ, ಅದೇ ಅಗಲ. ನಡುವೆ ದಿಬ್ಬವಿಲ್ಲದಿದ್ದದ್ದು ಕೂಡ ಅದೇ.

"ಗೇಟಲ್ಲಿ ಯಾರೂ ಇಲ್ಲ..." ಎನ್ನುತ್ತಾ ಒಳಬಂದ ಬೀಬಿಸೋರಾ ಅಲ್ಲೇ ನಿಂತಳು. ತಟ್ಟೆ ನೋಡಿದಳು. ಗೋಡೆ ನೋಡಿದಳು. ಬರಿ ಮೊಳೆ.

"ಇದು ನಿಮ್ಮ ಹಲ್ಲು, ಓಯಾ."

ಬೀಬಿಸೋರಾ ಒಂದು ಕ್ಷಣ ಸಿಟ್ಟಾಗಲು ನೋಡಿದಳು. "ಬಟ್ಟೆ ಬಿಚ್ಚಿದ್ಯಾ? ನಿನಗೆ ಬುದ್ಧಿ..." ಎಂದು ಶುರುಮಾಡಿದವಳು ನಿಧಾನವಾಗಿ ಬಂದು ಹಾಸಿನ ಮೇಲೆ ಕೂತಳು.

"ಅವ್ರು ಯಾಕೆ ಕಚ್ಚಲಿಲ್ಲ?" ಎಂದಳು ಸವ್ರಿನಿಸೋ.

"ನಾನು ರೊಟ್ಟಿ ಹಿಡಿದೆ. ಎರಡೂ ಕೈಯಲ್ಲಿ ಹಿಡಿದೆ. ಅವ್ನು ಮುಖ ತಿರುಗಿಸಿದ. ಬೇಡ ಓಯಾ ಅಂದ. ಯಾಕೋ ಅಂದೆ. ಆಗ ಹೇಳ್ದ." ಮುದುಕಿ ತಲೆವಸ್ತ್ರದ ತುದಿಯಿಂದ ಬಾಯಿ ಒರೆಸಿಕೊಂಡಳು. "ಅಲ್ಲಿ ಅವ್ನಿಗೆ ಮನೆಯಾಗಿದೆ. ಆ ದೇಶದ ಪಾಸ್‌ಪೋರ್ಟೂ ಆಗಿದೆ. ಒಬ್ಬಳು ಇದಾಳೆ."

ಸವ್ರಿನಿಸೋ ಇಷ್ಟು ದಿನ ಹುಡುಕಿದ್ದು ಇದನ್ನೇ. ಸಿಕ್ಕ ಮೇಲೆ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ.

"ನಿನಗೆ ನಿಧಾನಕ್ಕೆ ತಿಳಿಸಿ ಅಂದ," ಎಂದಳು ಬೀಬಿಸೋರಾ. "ನನ್ನ ಹೊಟ್ಟೆಲಿ ಹುಟ್ಟಿದ ಹೇಡಿ. ಹೆಂಡತಿ ಕೆಲಸಕ್ಕೆ ಹೋದ ಹೊತ್ತು ನೋಡ್ಕೊಂಡು ಟ್ಯಾಕ್ಸಿ ಕರೆಸಿದ. ಆದ್ರೂ ಕೆಲಿನ್, ರೊಟ್ಟಿಗೆ ಮಾತ್ರ ಸುಳ್ಳು ಹೇಳಲಿಲ್ಲ ಅವ್ನು."

"ನೀವು ಹೇಳಿದ್ರಿ."

"ಹೂಂ. ನಾನು ಹೇಳ್ದೆ."

"ಯಾಕೆ?" ಸವ್ರಿನಿಸೋಳ ದನಿ ಏರಿತು. "ಇಡೀ ಚಳಿಗಾಲ ಆ ಮೊಳೆ ನೋಡ್ಕೊಂಡು ಕೂತಿದ್ದೆ ನಾನು. ದಿನಾ ಧೂಳು ಒರೆಸ್ತಿದ್ದೆ! ನಿಮ್ಮ ಕಣ್ಣೆದುರಿಗೇ ಒರೆಸ್ತಿದ್ದೆ, ನೀವು ಟೀ ಕುಡೀತಾ ಕೂತಿರ್ತಿದ್ರಿ!"

"ಎಳೆಯುತ್ತೆ ಅಂದ್ಕೊಂಡೆ," ಎಂದಳು ಬೀಬಿಸೋರಾ. "ಕಚ್ಚಿದ ರೊಟ್ಟಿ ಮನುಷ್ಯನ್ನ ಎಳೀತದೆ ಅಂತಾರಲ್ಲ. ಅವ್ನ ಬಾಯಿ ಇಲ್ದಿದ್ರೆ ಹೆತ್ತ ಬಾಯಿ. ರಕ್ತ ಒಂದೇ ಅಲ್ವಾ, ರೊಟ್ಟಿಗೇನು ಗೊತ್ತಾಗುತ್ತೆ ಅಂದ್ಕೊಂಡೆ." ತಗ್ಗಿದ ದನಿಯಲ್ಲಿ ಸೇರಿಸಿದಳು, "ನಿನಗೆ ಗೊತ್ತಾದ್ರೆ ನೀನೂ ಹೋಗ್ತೀಯ ಅಂತನೂ ಹೆದರಿದೆ. ಸುಳ್ಳು ಯಾಕೆ ಹೇಳ್ಲಿ ಈಗ."

ಸವ್ರಿನಿಸೋಗೆ ಆ ಮುದುಕಿಯನ್ನು ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಅದೇ ಹೊತ್ತಿಗೆ, ಖಾಲಿ ಹೊಸಿಲಲ್ಲಿ ಒಬ್ಬಳೇ ನಿಂತು, ಮಗ ಬೇಡವೆಂದ ರೊಟ್ಟಿಗೆ ಚಿನ್ನದ ಹಲ್ಲು ಊರುತ್ತಿರುವ ಅವಳ ಚಿತ್ರವೂ ಕಣ್ಣಿಗೆ ಕಟ್ಟಿತು. ಎದ್ದು ಹೋಗಿ ಕೆಟಲ್ ತಂದಳು. ದೊಡ್ಡ ಬಟ್ಟಲಿಗೆ ಬಿಸಿ ಟೀ ಹೊಯ್ದಳು. ರೊಟ್ಟಿಯನ್ನು ಮುರಿಯಲು ಮೊಣಕಾಲಿನ ಬಲ ಬೇಕಾಯಿತು. ಚೂರುಗಳನ್ನು ಟೀಯಲ್ಲಿ ಮುಳುಗಿಸಿ, ಬಟ್ಟಲನ್ನು ಅತ್ತೆಯ ಮುಂದೆ ಸರಿಸಿದಳು.

"ತಿನ್ನಿ."

"ಕೆಲಿನ್..."

"ಕಚ್ಚಿದವರೇ ತಿಂದು ಮುಗಿಸ್ಬೇಕು. ನಿಮ್ಮದು ಇದು."

ಬೀಬಿಸೋರಾ ತಿಂದಳು. ಅಳುತ್ತಾ ತಿಂದಳು, ಒಂದು ಚೂರೂ ಬಿಡದೆ ತಿಂದಳು. ಬಟ್ಟೆಗೆ ಉದುರಿದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ಬಾಯಿಗಿಟ್ಟಳು. ಸವ್ರಿನಿಸೋ ಎದುರಿಗೆ ಕೂತು ಕೊನೆಯ ತುತ್ತಿನವರೆಗೂ ನೋಡಿದಳು. ಮುಶರ್ರಫಾ ಹೇಳಿದ ಹಾಗೆ, ನುಂಗುವವರೆಗೂ ಕಣ್ಣು ಮಿಟುಕಿಸಲಿಲ್ಲ.

ಮುಂದಿನ ತರಗತಿಯಲ್ಲಿ ಮೇಷ್ಟರು ಹಳೆಯ ಪಾಠವನ್ನು ಮತ್ತೆ ಕೇಳಿದರು. ಸವ್ರಿನಿಸೋ ತಾನಾಗಿ ಎದ್ದು ನಿಂತಳು.

"ನನ್ನ ಗಂಡ ಎಮಿಗ್ರೇಟ್ ಆಗಿದ್ದಾನೆ," ಎಂದಳು ಇಂಗ್ಲಿಷಿನಲ್ಲಿ. ಒಂದು ಪದವೂ ಎಡವಲಿಲ್ಲ.

ಯಾರೋ ಕಿಸಕ್ಕೆಂದರು. "ಅಯ್ಯೋ, ಇವ್ರದ್ದು ಗೋಡೆ ಮೇಲೆ ಇದೆಯಲ್ಲ..." ಎಂದು ತಿದ್ದಲು ಹೊರಟ ಮುಶರ್ರಫಾ ಅವಳ ಮುಖ ನೋಡಿ ಬಾಯಿ ಮುಚ್ಚಿದಳು. ಜನ್ಮದಲ್ಲಿ ಮೊದಲ ಸಲ ಇರಬೇಕು. ಕುದ್ರತ್ ಮುಅಲ್ಲಿಂ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತರು. ಈ ಸಲ ಭೇಷ್ ಅನ್ನಲಿಲ್ಲ.

"ಸರಿಯಾಗಿದೆ, ಕೂತ್ಕೊಳಮ್ಮ," ಎಂದರು.

ಹತ್ತಿರದ ಊರು ಕೊನಿಬೋದಮ್‌ನಲ್ಲಿ ಸವ್ರಿನಿಸೋಳ ಅಣ್ಣನ ಮನೆ. ಗಂಡ ಬಿಟ್ಟ ಹೆಣ್ಣು ಹೋಗುವುದು ಅಲ್ಲಿಗೇ. ಮಕ್ಕಳಿಲ್ಲದವಳಿಗಂತೂ ಬೇರೆ ದಾರಿಯಿಲ್ಲ ಎಂದು ಬೀದಿಯೆಲ್ಲ ತೀರ್ಮಾನ ಮಾಡಿಯಾಗಿತ್ತು. ಅವಳು ಅಂಗಳದ ಮಾಲೀಕನ ಹತ್ತಿರ ರಜೆ ಕೇಳಿದಳು. ಹಣ್ಣು ಇಳಿಯುವ ಹೊತ್ತಿಗೆ ಖರೀದಿದಾರರು ಬರುತ್ತಾರೆ, ಕಚೇರಿಯ ಕುರ್ಚಿ ನಿನ್ನದೇ ಎಂದ ಅವನು. ನೋಡೋಣ ಎಂದಳು. ಬೀಬಿಸೋರಾಳಿಗೆ ಮಾತ್ರ ಅವಳು ಏನೂ ಹೇಳಲಿಲ್ಲ. ಎಷ್ಟು ದಿನ ಎಂದು ಮುದುಕಿಯೂ ಕೇಳಲಿಲ್ಲ. ಕೇಳುವ ಬಾಯಿ ಅವಳಿಗೆಲ್ಲಿತ್ತು?

ಹೊರಡುವ ಬೆಳಗ್ಗೆ ಸವ್ರಿನಿಸೋ ಚೀಲ ಹಿಡಿದು ಬಂದಾಗ ತಂದೂರಿನಿಂದ ಹೊಗೆ ಏಳುತ್ತಿತ್ತು. ಬೀಬಿಸೋರಾ ಹೊಸಿಲ ಪಕ್ಕದಲ್ಲಿ ನಿಂತಿದ್ದಳು. ಎರಡೂ ಕೈಯಲ್ಲಿ ಒಂದು ಬಿಸಿ ರೊಟ್ಟಿ. ಆದರೆ ಅದನ್ನು ಮುಂದೆ ಚಾಚಿರಲಿಲ್ಲ. ಎದೆಗೆ ಒತ್ತಿ ಹಿಡಿದಿದ್ದಳು, ಯಾರಾದರೂ ಕೇಳಿದರೆ ನನ್ನ ತಿಂಡಿಗೆ ಎಂದು ಹೇಳಬಹುದು ಎನ್ನುವ ಹಾಗೆ.

ಸವ್ರಿನಿಸೋಗೆ ಕೊನೆಯ ಸಲ ಅನುಮಾನ ಬಂತು. ಇದು ನನ್ನನ್ನು ಕಟ್ಟಿಹಾಕುವ ಹಗ್ಗವೇ? ಹೌದು, ಹಗ್ಗವೇ. ಮುದುಕಿಗೂ ಗೊತ್ತು, ನನಗೂ ಗೊತ್ತು. ಅಣ್ಣನ ಮನೆಯಲ್ಲಿ ಅತ್ತಿಗೆ ಇದ್ದಾಳೆ, ಒಂದು ಮೂಲೆ ಕೊಟ್ಟಾಳು. ಇಲ್ಲಿ ಮನೆಯಂಗಳದ ಮರವಿದೆ, ಕಚೇರಿಯ ಕುರ್ಚಿಯಿದೆ, ನನ್ನನ್ನು ಕಳೆದುಕೊಳ್ಳುವ ಹೆದರಿಕೆಗೆ ರೊಟ್ಟಿಗೇ ಮೋಸಮಾಡಿದ ಈ ಹುಚ್ಚು ಹೆಂಗಸಿದ್ದಾಳೆ. ಅವಳು ಚೀಲವನ್ನು ಕೆಳಗಿಟ್ಟಳು.

"ಕೊಡಿ ಇಲ್ಲಿ."

"ಬಲವಂತ ಇಲ್ಲ ಕೆಲಿನ್. ನಾನು ಸುಮ್ನೆ..."

"ನಾನು ಎಮಿಗ್ರೇಟ್ ಆಗ್ತಿಲ್ಲ, ಓಯಾ. ಹೋಗ್ತಿದೀನಿ, ಅಷ್ಟೆ."

ಕುದ್ರತ್ ಮುಅಲ್ಲಿಂ ಅಲ್ಲಿದ್ದಿದ್ದರೆ, ಕೊನಿಬೋದಮ್ ಬೇರೆ ದೇಶವಲ್ಲ, ತಪ್ಪು ಪ್ರಯೋಗ ಎನ್ನುತ್ತಿದ್ದರೇನೋ. ಬೀಬಿಸೋರಾಳಿಗೆ ಮಾತ್ರ ಆ ಪದ ಆಗಲೇ ಸರಿಯಾಗಿ ಅರ್ಥವಾದದ್ದು. ಅವಳು ರೊಟ್ಟಿಯನ್ನು ಚಾಚಿದಳು. ಸವ್ರಿನಿಸೋ ಬಗ್ಗಿ, ಅಂಚಿಗೆ ಹಲ್ಲು ಊರಿ, ದೊಡ್ಡದೊಂದು ತುತ್ತು ಕಚ್ಚಿದಳು. ಅವಸರ ಮಾಡದೆ, ಅತ್ತೆ ನೋಡುತ್ತಿದ್ದ ಹಾಗೇ ಅಗಿದು ನುಂಗಿದಳು.

ಬೀಬಿಸೋರಾ ಹೆಗಲ ಮೇಲಿದ್ದ ಬಿಳಿ ಬಟ್ಟೆಯನ್ನು ತೆಗೆದು, ರೊಟ್ಟಿಗೆ ಸುತ್ತಲು ಹೊರಟಳು. ಸವ್ರಿನಿಸೋ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಮಡಚಿ, ತನ್ನ ಚೀಲದಲ್ಲಿಟ್ಟುಕೊಂಡಳು.

"ಹಾಗೇ ನೇತುಹಾಕಿ ಓಯಾ. ಹಲ್ಲಿನ ಗುರುತು ಕಾಣ್ತಾ ಇರ್ಲಿ."